ಬೆನ್ನಿನ ಚೀಟಿ

ನಮ್ಮೂರಿನಲ್ಲಿ ಕೆಂಪು ಒಬ್ಬರದು, ನವೆ ಇನ್ನೊಬ್ಬರದು. ಹುಟ್ಟಿದಾಗಿನಿಂದ ಹೀಗೇ ನೋಡಿಕೊಂಡು ಬಂದಿರುವುದರಿಂದ ನನಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಚರ್ಮ ಕೆಂಪಾಗಿ, ದದ್ದು ಎದ್ದು, ಹೊಟ್ಟು ಉದುರುತ್ತಿರುವವನು ಹಾಯಾಗಿ ಕಾಫಿ ಕುಡಿಯುತ್ತಾ ಪೇಪರ್ ಓದುತ್ತಿರುತ್ತಾನೆ. ಅವನ ನವೆ ಮೂರು ಬೀದಿ ಆಚೆ, ಒಂದು ಮಚ್ಚೆಯೂ ಇಲ್ಲದ ಚರ್ಮದ ಇನ್ಯಾರಿಗೋ ಹತ್ತಿರುತ್ತದೆ. ಅವರು ಬಾಚಣಿಗೆ, ಸೌಟು, ಗೋಡೆಯ ಮೂಲೆ, ಕೈಗೆ ಸಿಕ್ಕಿದ್ದರಲ್ಲಿ ಕೆರೆದುಕೊಳ್ಳುತ್ತಿರುತ್ತಾರೆ. ಕೆಂಪಿನವರಿಗೆ ತಮ್ಮ ನವೆ ಯಾರ ಪಾಲಾಗಿದೆ ಎಂದು ಗೊತ್ತಿರುವುದಿಲ್ಲ. ನವೆಯವರಿಗೆ ತಾವು ಯಾರ ಕೆಂಪಿಗಾಗಿ ಕೆರೆದುಕೊಳ್ಳುತ್ತಿದ್ದೇವೆ ಎಂದು ತಿಳಿಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಬೇರೆ ಊರಿನವರು ಅನ್ಯಾಯವನ್ನು ಬೈಯುವುದಕ್ಕೆ ಬಳಸುತ್ತಾರಂತೆ. ನಮ್ಮಲ್ಲಿ ಅದು ದಿನಚರಿ.

ಊರಿನ ಚರ್ಮ ಪ್ರಯೋಗಾಲಯದ ಗೇಟಿನ ಎರಡು ಬದಿಗೆ ಎರಡು ಹಲಗೆಗಳಿವೆ. ಎಡಗಡೆಯದು ನವೆಯವರದು. ಅದರಲ್ಲಿ ಚೀಟಿಯ ಮೇಲೆ ಚೀಟಿ ಅಂಟಿ ಹಲಗೆಯೇ ಕಾಣುವುದಿಲ್ಲ. ‘ಎಡ ಮೊಣಕಾಲಿನ ಹಿಂದೆ, ಅಡುಗೆ ಹೊತ್ತಿನಲ್ಲಿ ಜಾಸ್ತಿ, ಯಾರೇ ಆಗಿದ್ದರೂ ದಯವಿಟ್ಟು ಬನ್ನಿ’ ಎಂದು ಒಂದು. ‘ಬಲಗಿವಿಯ ಸಂದಿ, ಇದು ನನ್ನ ನಾಲ್ಕನೇ ಚೀಟಿ, ನಿಮಗೆ ನಾಚಿಕೆಯಾಗಬೇಕು’ ಎಂದು ಇನ್ನೊಂದು. ಬಲಗಡೆಯದು ಕೆಂಪಿನವರ ಹಲಗೆ. ಅಲ್ಲಿ ವರ್ಷಕ್ಕೆ ಐದಾರು ಚೀಟಿ ಬಿದ್ದರೆ ಹೆಚ್ಚು. ನೋವಿಲ್ಲದವನಿಗೆ ಅವಸರವಿಲ್ಲ ನೋಡಿ.

ಅದಕ್ಕೇ ಹಿರಿಯರು ಬೆನ್ನು ಭಾನುವಾರ ಎಂಬ ಪದ್ಧತಿ ಮಾಡಿಟ್ಟಿದ್ದಾರೆ. ಮೈಯ ಮುಂಭಾಗದ ಕೆಂಪನ್ನು ಯಾರಾದರೂ ಕಂಡುಕೊಳ್ಳುತ್ತಾರೆ. ಬೆನ್ನಿನ ಕೆಂಪು ಮಾತ್ರ, ನವೆಯೂ ಇಲ್ಲದ ಮೇಲೆ, ಹೊತ್ತವರಿಗೇ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಮನೆಮಂದಿ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಬೇಕು. ಗಂಡ ಹೆಂಡಿರು ಆವತ್ತು ಜಗಳವಾಡುವುದಿಲ್ಲ, ಆಡಿದರೂ ಬೆನ್ನು ನೋಡಿಯಾದ ಮೇಲೆ. ಸೋಮವಾರ ಬೆಳಗ್ಗೆ ತಲಾ ಒಂದು ಚೀಟಿ ಪ್ರಯೋಗಾಲಯದ ಡಬ್ಬಿಗೆ ಬೀಳಬೇಕು. ಚೀಟಿಯಲ್ಲಿ ಮೂರೇ ಸಾಲು: ಹೆಸರು, ಕೆಂಪು ಇದೆಯೋ ಇಲ್ಲವೋ, ನೋಡಿದವರು ಯಾರು.

ನನ್ನ ಹೆಸರು ಚೂಡಾಮಣಿ. ಪ್ರಯೋಗಾಲಯದಲ್ಲಿ ಚರ್ಮ ಕೊಯ್ಯುವುದು ನನ್ನ ಕೆಲಸ, ಇಪ್ಪತ್ತಾರು ವರ್ಷದಿಂದ. ಮೈಯಿಂದ ತೆಗೆದ ಕಾಳಿನಷ್ಟು ಚರ್ಮವನ್ನು ಮೇಣದಲ್ಲಿ ಹುದುಗಿಸಿ ಕೊಡುತ್ತಾರೆ. ನಾನು ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸಿ, ಪದರ ಪದರವಾಗಿ ಕೊಯ್ಯುತ್ತೇನೆ. ಒಂದು ಮಿಲಿಮೀಟರನ್ನು ಇನ್ನೂರೈವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ನನ್ನ ಪದರ ಅಷ್ಟು ತೆಳ್ಳಗೆ. ಅವು ಒಂದಕ್ಕೊಂದು ಅಂಟಿ ಶ್ಯಾವಿಗೆ ಎಳೆಯ ಹಾಗೆ ಬರುತ್ತವೆ. ಬಿಸಿ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಕುಂಚದಲ್ಲಿ ಸೆಳೆದು, ಗಾಜಿನ ಮೇಲೆ ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಹರಿಯುತ್ತದೆ. ನನಗೆ ಕೆಂಪೂ ಇಲ್ಲ, ನವೆಯೂ ಇಲ್ಲ, ಅದಕ್ಕೇ ಕೈ ಇಷ್ಟು ನಿಧಾನ ಎಂದು ಊರೆಲ್ಲ ಹೇಳುತ್ತದೆ. ನಾನೂ ಅಲ್ಲ ಅನ್ನುತ್ತಿರಲಿಲ್ಲ.

ನನ್ನ ಕುರ್ಚಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ಬಂದ ಮರದ ಕುರ್ಚಿ. ಬಂದ ವಾರವೇ ಬೆನ್ನೊರಗಿನ ರೆಕ್ಸಿನ್ ಹರಿದು ಒಂದು ಮೊಳೆಯ ತಲೆ ಹೊರಗೆ ಇಣುಕಿತು. ಬದಲಾಯಿಸಿ ಕೊಡುತ್ತೇವೆ ಎಂದರು, ನಾನು ಬಿಡಲಿಲ್ಲ. ಅದರ ಎತ್ತರ ಯಂತ್ರಕ್ಕೆ ಸರಿಯಾಗಿತ್ತು, ಮೊಳೆಯೂ ಅಭ್ಯಾಸವಾಯಿತು. ಯೋಚನೆ ಮಾಡುವಾಗ, ಸಿಟ್ಟು ಬಂದಾಗ, ಅದಕ್ಕೆ ಬೆನ್ನು ಒತ್ತಿ ಕೂರುವುದು ನನ್ನ ರೂಢಿ.

ಇನ್ನು ಬೆನ್ನು ಭಾನುವಾರದ ವಿಷಯ. ಯಜಮಾನರು ತೀರಿಕೊಂಡು ಹತ್ತು ವರ್ಷವಾಯಿತು. ಮಕ್ಕಳಿಲ್ಲ. ನನ್ನ ಬೆನ್ನನ್ನು ಯಾರಿಗೆ ತೋರಿಸಲಿ? ಗೋಡೆಯ ಮೇಲೆ ಒಂದು ಅಂಗೈಯಗಲದ ಕನ್ನಡಿ ಇದೆ, ಕುಂಕುಮ ಇಟ್ಟುಕೊಳ್ಳುತ್ತಿದ್ದ ಕಾಲದ್ದು. ಆ ಭಾನುವಾರ ಅದರ ಮುಂದೆ ಒಮ್ಮೆ ಹಿಂದು ತಿರುಗಿ ನಿಂತು, ಚೀಟಿಯಲ್ಲಿ ಕೆಂಪು ‘ಇಲ್ಲ’ ಎಂದು ಬರೆಯುತ್ತಿದ್ದೆ. ನೋಡಿದವರು ಎಂಬಲ್ಲಿ ‘ಕನ್ನಡಿ’ ಎಂದು ಬರೆಯುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ, ಕನ್ನಡಿ ನೋಡಿಯೇ ಇತ್ತು. ನೋಡದೆ ಇದ್ದವಳು ನಾನು.

ನನ್ನ ನೆಮ್ಮದಿಗೆ ಇದ್ದ ಒಂದೇ ಒಂದು ಕಂಟಕವೆಂದರೆ ಕರಿಬಸಯ್ಯ. ಪ್ರಯೋಗಾಲಯದ ಅಟೆಂಡರು. ಡಬ್ಬಿಯಿಂದ ಬೆನ್ನಿನ ಚೀಟಿಗಳನ್ನು ತೆಗೆದು, ಬೀದಿವಾರು ಜೋಡಿಸಿ, ದಾರ ಪೋಣಿಸಿ ಕಟ್ಟಿಡುವುದು ಅವನ ಕೆಲಸ. ಒಳ್ಳೆಯ ಮನುಷ್ಯ, ಆದರೆ ನವೆಯವನು. ಬೆನ್ನಿನಲ್ಲಿ ಬಲಗಡೆ ರೆಕ್ಕೆಮೂಳೆಯ ಕೆಳಗೆ ಅಂಗೈಯಷ್ಟು ಜಾಗ, ಕೈ ಮೇಲಿನಿಂದಲೂ ಎಟುಕದು, ಕೆಳಗಿನಿಂದಲೂ ಎಟುಕದು. ನವೆ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನ ಕೋಣೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಗರಗರ ಉಜ್ಜುತ್ತಿದ್ದ. ಚೌಕಟ್ಟು ಅಲುಗಿದರೆ ಗೋಡೆ ಅಲುಗುತ್ತದೆ, ಗೋಡೆ ಅಲುಗಿದರೆ ನನ್ನ ಮೇಜು. ಎಳೆ ಹರಿದು ಎರಡಾಗುತ್ತಿತ್ತು. ನಾನು ಕಿರುಚುತ್ತಿದ್ದೆ. ನಾನು ಕಿರುಚಿದಷ್ಟೂ ಅವನು ಉಜ್ಜುತ್ತಿದ್ದ. ಮೊಂಡ ಎಂದುಕೊಂಡು ಕೊನೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಅವನನ್ನು ಪಕ್ಕದ ಉಗ್ರಾಣದ ಕೋಣೆಗೆ ಹಾಕಿಸಿದೆ. ಉಗ್ರಾಣಕ್ಕೂ ಚೌಕಟ್ಟು ಇತ್ತು. ಒಂಬತ್ತು ವರ್ಷದಲ್ಲಿ ಆ ಎರಡೂ ಚೌಕಟ್ಟುಗಳು ಸಾಣೆ ಹಿಡಿದ ಹಾಗೆ ನುಣುಪಾಗಿದ್ದವು.

ಹೋದ ಶ್ರಾವಣದಲ್ಲಿ ಒಂದು ಸೋಮವಾರ ನಮ್ಮ ಡಾಕ್ಟರ್ ಅಂಬುಜಾಕ್ಷಿಯವರು, ಕರಿಬಸಯ್ಯ ಬಾಗಿಲು ಮುಚ್ಚಿಸಿಕೊಳ್ಳುತ್ತಿದ್ದಾನೆ, ಮುಂದಿನ ಸೋಮವಾರ, ಎಂದು ಹೇಳಿದರು. ಬಾಗಿಲು ಎಂದರೆ ನರದ ಬಾಗಿಲು. ಕೆಂಪಿನವರು ಸಿಗದೇ ಹೋದ ನವೆಯವರಿಗೆ ಇರುವ ಕೊನೆಯ ಉಪಾಯ ಅದು. ಸೂಜಿ ಹಾಕಿ ಆ ಜಾಗದ ನರಗಳನ್ನು ಮುಚ್ಚಿಬಿಡುತ್ತಾರೆ. ನವೆ ಹೋಗುತ್ತದೆ. ಅದರ ಜೊತೆಗೆ ಬಿಸಿ, ತಂಪು, ಮುಟ್ಟಿದ್ದು, ತಟ್ಟಿದ್ದು ಎಲ್ಲವೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ನನಗೆ ಮೊದಲು ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ: ಇನ್ನು ನನ್ನ ಮೇಜು ಅಲುಗುವುದಿಲ್ಲ ಎಂದು ಸಂತೋಷವಾಯಿತು.

ಆವತ್ತು ಮಧ್ಯಾಹ್ನ ಅವನ ಹೆಂಡತಿ ಹಾಲಮ್ಮ ಬುತ್ತಿ ತಂದವಳು, ಗಂಡನಿಗೆ ಕೊಟ್ಟು ಹೋಗದೆ, ನನ್ನ ಕೋಣೆಯ ಹೊರಗೆ ಸೆರಗು ಹಿಡಿದುಕೊಂಡು ನಿಂತಳು. ಅವರ ಮೊಮ್ಮಗಳಿಗೆ ನಾಲ್ಕು ವರ್ಷ. ಸಂಜೆ ಕರಿಬಸಯ್ಯ ಬೋರಲು ಮಲಗಿದರೆ ಆ ಮಗು ಅವನ ಬೆನ್ನಿನ ಮೇಲೆ ಹತ್ತಿ ನಡೆಯುತ್ತದಂತೆ, ಒಂಟಿಕಾಲಲ್ಲಿ ನಿಂತು ‘ಯಾವ ಕಾಲು ತಾತ’ ಎಂದು ಕೇಳುತ್ತದಂತೆ. ಇವನು ಎಡ, ಬಲ ಎಂದು ಒಂದು ಸಲವೂ ತಪ್ಪದೆ ಹೇಳುತ್ತಾನಂತೆ. ಮೂರು ದಿನದಿಂದ ಅವನು ಆ ಆಟದಲ್ಲಿ ಬೇಕೆಂದೇ ತಪ್ಪು ಹೇಳುತ್ತಿದ್ದಾನೆ ಎಂದಳು ಹಾಲಮ್ಮ. ಸೋಮವಾರದ ಮೇಲೆ ಮಗುವಿಗೆ ಒಮ್ಮೆಲೇ ಬೇಜಾರಾಗಬಾರದು, ಈಗಿನಿಂದಲೇ ಅಭ್ಯಾಸವಾಗಲಿ ಎಂದು.

“ಅಮ್ಮಾರೆ, ನೀವು ಕೊಯ್ದ ಚರ್ಮ ಸುಳ್ಳು ಹೇಳಲ್ಲ ಅಂತಾರೆ. ಈ ವಾರದಾಗೆ ಆ ಕೆಂಪಿನೋರು ಯಾರು ಅಂತ ಹುಡುಕಿಕೊಡ್ರಿ. ಆಮೇಲೆ ಸಿಕ್ಕರೂ ಉಪಯೋಗ ಇಲ್ಲ,” ಎಂದಳು.

ನಾನು ಕಲ್ಲಲ್ಲ. ಹುಡುಕುತ್ತೇನೆ ಎಂದು ಮಾತು ಕೊಟ್ಟೆ.

ಹುಡುಕುವುದು ಎಂದರೆ ಏನು ಎಂದು ಸ್ವಲ್ಪ ಹೇಳಬೇಕು. ಚರ್ಮದಲ್ಲಿ ಉರಿ ಎದ್ದಾಗ ಅಲ್ಲಿನ ಕಾವಲಿನ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಶತ್ರು ಬಂದ, ಬನ್ನಿ ಬನ್ನಿ ಎಂಬ ಸುದ್ದಿ. ಎಷ್ಟೋ ಸಲ ಶತ್ರುವೇ ಇರುವುದಿಲ್ಲ. ಸುದ್ದಿ ಒಯ್ಯುವ ಅಣುಗಳಿಗೆ ಇಂಟರ್‌ಲ್ಯೂಕಿನ್ ಎಂದು ಮನೆತನದ ಹೆಸರು, ಅದರ ಮುಂದೆ ಒಂದು ನಂಬರು. ನಾವು ಬರೀ ನಂಬರಿನಿಂದಲೇ ಕರೆಯುತ್ತೇವೆ. ಹದಿನೇಳು ಅವಸರದ್ದು. ಅದು ಸೇರಿಕೊಂಡರೆ ಚರ್ಮ ಒಂದು ತಿಂಗಳ ಕೆಲಸವನ್ನು ನಾಲ್ಕೈದು ದಿನದಲ್ಲಿ ಮುಗಿಸಲು ಹೋಗಿ ಬೇಯದ ಪದರಗಳನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ನಾಲ್ಕು ಮತ್ತು ಹದಿಮೂರು ಜೋಡಿ. ಅವು ಬಂದಲ್ಲಿ ಚರ್ಮದ ಗೋಡೆಯ ಗಾರೆ ಸಡಿಲವಾಗಿ ಒಳಗೆ ನೀರು ಆಡುತ್ತದೆ. ಮೂವತ್ತೊಂದು ನೇರ ನರದ ಬಾಗಿಲು ತಟ್ಟುತ್ತದೆ. ನವೆ ಎಂದರೆ ಆ ತಟ್ಟುವಿಕೆ. ಬೇರೆ ಊರುಗಳಲ್ಲಿ ಅದು ತಮ್ಮದೇ ಮನೆಯ ಬಾಗಿಲು ತಟ್ಟುತ್ತದಂತೆ.

ನಮ್ಮೂರಿನ ಒಬ್ಬೊಬ್ಬರ ಮೂವತ್ತೊಂದಕ್ಕೂ ಒಂದೊಂದು ಬಗೆಯ ಕೊಂಕು. ಅದು ಕೀಲಿಕೈಯ ಹಾಗೆ ಕೂರುವ ಬೀಗ ಊರಿನಲ್ಲಿ ಒಬ್ಬರ ನರದಲ್ಲಿ ಮಾತ್ರ ಇರುತ್ತದೆ. ನವೆಯವರ ಬೀಗಕ್ಕೆ ಹಸಿರು ಬಣ್ಣ ಕಟ್ಟಿ ಶೀಷೆಗಳಲ್ಲಿ ಫ್ರಿಜ್ಜಿನಲ್ಲಿಟ್ಟಿದ್ದೇವೆ. ಕೆಂಪಿನವರ ಚರ್ಮದ ಪದರದ ಮೇಲೆ ಒಂದು ಹನಿ ಬಿಟ್ಟು, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಜೋಡಿಯಾದರೆ ಹಸಿರು ಹೊಳೆಯುತ್ತದೆ, ಇಲ್ಲದಿದ್ದರೆ ಕತ್ತಲು. ಕರಿಬಸಯ್ಯನ ಶೀಷೆ ಒಂಬತ್ತು ವರ್ಷದಿಂದ ಹೊಳೆದಿರಲಿಲ್ಲ. ಜೋಡಿ ಸಿಕ್ಕರೆ ಕೆಂಪಿನವರಿಗೆ ಮುಲಾಮು ಹಚ್ಚಿ ಉರಿಯನ್ನೂ ಅದರ ಜೊತೆ ನವೆಯನ್ನೂ ಇಳಿಸುವುದು ಡಾಕ್ಟರಿಗೆ ದೊಡ್ಡ ಮಾತಲ್ಲ.

ಮಂಗಳವಾರ ಅವನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ವಿಚಾರಣೆ ಶುರುಮಾಡಿದೆ. ಯಾವಾಗ ಜಾಸ್ತಿ ಎಂದರೆ ಕೆಲಸದ ದಿನ ಎಂದ. ಯಾವಾಗ ಕಡಿಮೆ ಎಂದರೆ ಭಾನುವಾರ ಎಂದ. ಪೂರ್ತಿ ನಿಂತದ್ದು ಉಂಟೇ ಎಂದು ಕೇಳಿದ್ದಕ್ಕೆ, ನೆಲ ನೋಡುತ್ತಾ, ಹೋದ ಬೇಸಿಗೆಯಲ್ಲಿ ಹನ್ನೆರಡು ದಿನ ನಿಂತಿತ್ತು, ಕೂಸಿನ ಹಾಗೆ ಮಲಗಿದ್ದೆ ಎಂದ. ಹೋದ ಬೇಸಿಗೆಯಲ್ಲಿ ನಾನು ತಂಗಿಯ ಮಗಳ ಬಾಣಂತನಕ್ಕೆಂದು ಊರಲ್ಲಿರಲಿಲ್ಲ, ಇದ್ದಿದ್ದರೆ ಆಗಲೇ ಪತ್ತೆ ಹಚ್ಚುತ್ತಿದ್ದೆ ಎಂದು ಅವನಿಗೆ ಹೇಳಿದೆ. ಅವನು ಹೂಂ ಎಂದು ಕಾಲಬೆರಳಿನಿಂದ ನೆಲ ಗೀರಿದ. ಇನ್ನೂ ಏನಾದರೂ ಹೇಳುವುದಿದೆಯೇ ಎಂದೆ. ಏನಿಲ್ರೀ ಎಂದು ಎದ್ದುಹೋದ.

ನಾನು ಲೆಕ್ಕಾಚಾರ ಹಾಕಿದೆ. ಆ ಕೆಂಪಿನವರು ನೌಕರಿಯವರು, ಭಾನುವಾರ ರಜೆ. ಬೇಸಿಗೆಯಲ್ಲಿ ಊರು ಬಿಡುವವರು. ನವೆ ಏಕಾಏಕಿ ಏರುವುದರಿಂದ ಮೂಗಿನ ತುದಿಯಲ್ಲೇ ಕೋಪ ಇರುವವರು, ಯಾಕೆಂದರೆ ಮನಸ್ಸು ಕುದ್ದರೆ ಚರ್ಮದ ಉರಿಯೂ ಏರುತ್ತದೆ. ದಿನವಿಡೀ ಕುರ್ಚಿಗೆ ಬೆನ್ನು ಉಜ್ಜುವವರು, ಏಕೆಂದರೆ ಗೀರಿದ ಜಾಗದಲ್ಲೇ ಕೆಂಪು ಮನೆ ಮಾಡುತ್ತದೆ. ಈ ನಾಲ್ಕೂ ಕೂಡಿಬರುವ ಮನುಷ್ಯ ಯಾರು ಎಂದು ಮೊಳೆಗೆ ಬೆನ್ನು ಒತ್ತಿಕೊಂಡು ಗಾಢವಾಗಿ ಯೋಚಿಸಿದೆ. ಪಕ್ಕದ ಕೋಣೆಯಲ್ಲಿ ಕರಿಬಸಯ್ಯ ಗರಗರ ಉಜ್ಜುತ್ತಿದ್ದ. ಹೊಳೆಯಿತು: ಹೈಸ್ಕೂಲಿನ ಹೆಡ್ ಮಾಸ್ತರು ಪದ್ಮರಾಜಯ್ಯನವರು.

ಪದ್ಮರಾಜಯ್ಯ ಮೇಷ್ಟ್ರಿಗೆ ಹೆಂಡತಿ ಇದ್ದಾರೆ, ಆದರೆ ಆಕೆಗೆ ದೃಷ್ಟಿ ಮಂದ. ಬುಧವಾರ ಸ್ಟಾಫ್ ರೂಮಿಗೆ ಹೋಗಿ ಅಂಗಿ ಬಿಚ್ಚಿ ಎಂದೆ. ಮೂವತ್ತು ವರ್ಷದಲ್ಲಿ ನನಗೆ ಯಾರೂ ಹೀಗೆ ಹೇಳಿರಲಿಲ್ಲ ಎಂದು ಗುಡುಗಿದರು. ಕೊನೆಗೆ ಪ್ರಪಂಚದ ಭೂಪಟದ ಹಿಂದೆ ನಿಂತು ಬಿಚ್ಚಿದರು. ಹೆಗಲ ಹಿಂದೆ ಒಂದು ಕೆಂಪು ಇದ್ದೇ ಇತ್ತು. ನಾನು ಗೆದ್ದೆ ಎಂದುಕೊಂಡು ಡಾಕ್ಟರಿಂದ ತುಣುಕು ತೆಗೆಸಿ, ಗುರುವಾರ ಕೊಯ್ದು, ಕರಿಬಸಯ್ಯನ ಶೀಷೆಯ ಹನಿ ಬಿಟ್ಟೆ. ಕತ್ತಲು. ಬೇರೆ ಶೀಷೆಗಳನ್ನು ಹಾಕುತ್ತಾ ಹೋದರೆ ಅದು ಹೊಳೆದದ್ದು ಶಾಲೆಯ ಎದುರಿನ ದರ್ಜಿ ನಿಂಗೋಜಿಯ ಶೀಷೆಗೆ. ಮೇಷ್ಟ್ರ ಅಂಗಿಗಳನ್ನು ಹೆಗಲಿಗೆ ಬಿಗಿಯಾಗಿ ಹೊಲಿಯುತ್ತಿದ್ದವನೂ ಅವನೇ. ಅವರಿಬ್ಬರೂ ಮೊದಲು ತಬ್ಬಿಕೊಂಡು, ಆಮೇಲೆ ಜಗಳವಾಡಿದರು. ಕರಿಬಸಯ್ಯ ಇಬ್ಬರಿಗೂ ಟೀ ತಂದುಕೊಟ್ಟ.

ಶುಕ್ರವಾರ ಆಟೋಗೆ ಮೈಕ್ ಕಟ್ಟಿಸಿ, ಭಾನುವಾರ ರಜೆ ಇರುವವರೆಲ್ಲ ಇವತ್ತೇ ಬೆನ್ನು ತೋರಿಸಲು ಬರಬೇಕು ಎಂದು ಸಾರಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವಂತೆ ಇಡೀ ಊರು ತನ್ನ ತನ್ನ ಬೆನ್ನು ತಡವಿಕೊಂಡಿತು. ಐವತ್ತಮೂರು ಬೆನ್ನು ನೋಡಿದೆ. ಬೆವರುಸಾಲೆ, ಉಣುಗಿನ ಕಡಿತ, ಜನಿವಾರದ ಗುರುತು, ಹಳೆಯ ಬಾಸುಂಡೆ. ಕೆಂಪು ಒಂದೂ ಇಲ್ಲ. ಪರರ ಬೆನ್ನನ್ನು ಅಷ್ಟು ಹೊತ್ತು ನೋಡಿ ಮನೆಗೆ ಬಂದವಳು ಸೀರೆ ಬದಲಾಯಿಸಿ ಮಲಗಿದೆ. ಕನ್ನಡಿ ಅದರ ಜಾಗದಲ್ಲೇ ಇತ್ತು, ನಾನು ಅದರ ಕಡೆ ನೋಡಲಿಲ್ಲ.

ಶನಿವಾರ ಅರ್ಧ ದಿನದ ಕೆಲಸ, ಉಳಿದದ್ದು ಅಷ್ಟೇ ಹೊತ್ತು. ಕರಿಬಸಯ್ಯನಿಗೆ ನವೆ ಬಂದ ಸಮಯವನ್ನು ಬರೆದಿಡಲು ಮಂಗಳವಾರವೇ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ, ನಾನು ಹೊರಗಿದ್ದಾಗಿನದನ್ನು ಅವನೇ ಬರೆಯುತ್ತಿದ್ದ. ಎಳೆ ತೇಲಿಬಿಟ್ಟಿದ್ದೆ, ಪಕ್ಕದಲ್ಲಿ ಚೌಕಟ್ಟು ಗರಗರ ಎಂದಿತು, ಎಳೆ ಹರಿಯಿತು. ಇನ್ನೊಂದು ದಿನ ಸಹಿಸಿಕೊಳ್ಳಲಾರೆಯಾ ಎಂದು ಕೂಗಿದೆ. ಕೂಗುತ್ತಲೇ ಗಡಿಯಾರ ನೋಡಿ ಹಾಳೆಯಲ್ಲಿ ಹನ್ನೊಂದು ಹತ್ತು ಎಂದು ಬರೆದೆ. ಗರಗರ ಇನ್ನೂ ಜೋರಾಯಿತು. ಮತ್ತೆ ಕೂಗಿದೆ, ಹನ್ನೊಂದು ಹದಿಮೂರು. ಬರೆದ ಕೈಯಲ್ಲೇ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದೆ. ಆ ವಾರ ನಾನು ಯಾರ ಯಾರ ಮೇಲೆ ಎಷ್ಟೆಷ್ಟು ಹೊತ್ತಿಗೆ ರೇಗಿದ್ದೆನೋ ಅದರ ಪಟ್ಟಿ ಅಲ್ಲಿತ್ತು. ಮೇಷ್ಟ್ರು ಭೂಪಟದ ಹಿಂದೆ ನಿಂತದ್ದು, ಮೈಕಿನವನು ತಡಮಾಡಿದ್ದು, ಎಲ್ಲ.

ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಬೆನ್ನು ಯಾವುದಕ್ಕೂ ತಾಗದಂತೆ, ಉಸಿರು ಎಣಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಸದ್ದು ನಿಂತಿತು. ಆಮೇಲೆ ಹಿಂದಕ್ಕೆ ಒರಗಿ, ಮೊಳೆಯ ತಲೆಗೆ ಬೆನ್ನು ಒತ್ತಿ ನಾಲ್ಕು ಸಲ ಉಜ್ಜಿದೆ. ನನಗೆ ಏನೂ ಆಗಲಿಲ್ಲ. ಗೋಡೆಯಾಚೆ ಸ್ಟೂಲು ಉರುಳಿತು, ಗರಗರ ಶುರುವಾಯಿತು. ಒಂದು ಸಲ ಆದದ್ದು ಪರೀಕ್ಷೆಯಲ್ಲ, ಕಾಕತಾಳೀಯ ಇರಬಹುದು. ಮೂರು ಸಲ ಮಾಡಿದೆ. ಮೂರನೆಯ ಸಲ ಮಾಡಬಾರದಿತ್ತು, ಪಾಪ. ಒಂಬತ್ತು ವರ್ಷ ನಾನು ಬೈದಷ್ಟೂ ನನ್ನ ಬೆನ್ನು ಉರಿದು, ಉರಿದಷ್ಟೂ ಅವನು ಉಜ್ಜಿ, ಉಜ್ಜಿದಷ್ಟೂ ನಾನು ಬೈದಿದ್ದೆ.

ಉಗ್ರಾಣಕ್ಕೆ ಹೋದೆ. ಅವನು ಚೀಟಿಗಳ ಕಟ್ಟಿನ ಮುಂದೆ ಬೆವರಿ ಕೂತಿದ್ದ. ನನ್ನನ್ನು ನೋಡಿ ಎದ್ದ. ನವೆ ಮೂರು ಸಲ ನಿಂತು ಶುರುವಾದದ್ದರಲ್ಲೇ ನನಗೆ ಗೊತ್ತಾಯಿತೆಂದು ಅವನಿಗೆ ಅರ್ಥವಾಗಿತ್ತು ಎಂದು ಮುಖ ಹೇಳುತ್ತಿತ್ತು.

“ನಿನಗೆ ಗೊತ್ತಿತ್ತಾ?” ಎಂದೆ.

“ನಾಲ್ಕು ವರ್ಷದಿಂದ ಗೊತ್ತೈತ್ರೀ,” ಎಂದ.

ನನಗೆ ಸಿಟ್ಟು ಬಂತು. ನಾಲ್ಕು ವರ್ಷ ಬಾಯಿ ಹೊಲಿದುಕೊಂಡಿದ್ದೆಯಲ್ಲ, ನಾಡಿದ್ದು ಬೆನ್ನು ಸಾಯಿಸಿಕೊಳ್ಳಲೂ ಹೊರಟೆಯಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದೆ. ಅವನು ಕಟ್ಟಿನ ದಾರ ಬಿಚ್ಚಿ, ನಮ್ಮ ಬೀದಿಯ ಚೀಟಿಗಳನ್ನು ಎತ್ತಿ, ಒಂದನ್ನು ಮೇಲಿಟ್ಟ. ನನ್ನದು.

“ಚೀಟಿ ಜೋಡ್ಸೋನು ನಾನೇ ಅಲ್ಲೇನ್ರೀ. ಊರಾಗೆ ಎಲ್ಲರ ಬೆನ್ನನ್ನೂ ಯಾರೋ ಒಬ್ರು ನೋಡ್ಯಾರೆ. ನಿಮ್ಮದನ್ನ ಕನ್ನಡಿ ನೋಡೈತೆ. ನಿಮ್ಮ ಬೆನ್ನು ಕೆಂಪಗೈತೆ ಅಂತ ಹೇಳೋದು ಸುಲಭ. ನಿಮಗೆ ಯಾರೂ ಇಲ್ಲ ಅಂತ ನನ್ನ ಬಾಯಿಂದ ಹೆಂಗೆ ಹೇಳ್ಲಿ?”

ನಾನು ಅಲ್ಲಿಯೇ ಅವನ ಸ್ಟೂಲಿನ ಮೇಲೆ ಕೂತು ಅತ್ತೆ. ದೂರಿನ ಪತ್ರ ಬರೆದ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಅವನು ಏನು ಮಾಡುವುದೆಂದು ತಿಳಿಯದೆ ಡಬ್ಬಿಯನ್ನು ಒರೆಸುತ್ತಾ ನಿಂತಿದ್ದ.

ಬುತ್ತಿ ತಂದ ಹಾಲಮ್ಮನನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ. ಹತ್ತು ವರ್ಷದಲ್ಲಿ ಮೊದಲ ಸಲ ಒಬ್ಬರ ಮುಂದೆ ಬೆನ್ನು ತಿರುಗಿಸಿ ರವಿಕೆಯ ಗುಂಡಿ ಬಿಚ್ಚಿದೆ. ಅವಳು ಸೆರಗು ಸರಿಸಿ ಬಗ್ಗಿ ನೋಡಿದಳು. ಆಮೇಲೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಮೆಲ್ಲಗೆ ನಕ್ಕಳು. ಅಂಗೈಯಷ್ಟು ದೊಡ್ಡದು, ಮಧ್ಯದಲ್ಲಿ ಮೊಳೆಯ ತಲೆಯಷ್ಟು ಗಟ್ಟಿ, ಎಂದು ಬೆರಳಲ್ಲಿ ಸುತ್ತ ಗೆರೆ ಎಳೆದು ತೋರಿಸಿದಳು. ಅವಳ ಬೆರಳು ಬೆಚ್ಚಗಿತ್ತು. ಅದು ಮಾತ್ರ ನನಗೆ ಚೆನ್ನಾಗಿ ತಿಳಿಯಿತು.

ಡಾಕ್ಟರು ತುಣುಕು ತೆಗೆದು ಸಂಜೆಯವರೆಗೆ ನಿಂತರು. ನನ್ನ ತುಣುಕನ್ನು ಬೇರೆಯವರಿಂದ ಕೊಯ್ಯಿಸೋಣ ಎಂದರು, ನಾನು ಬಿಡಲಿಲ್ಲ. ಇಪ್ಪತ್ತಾರು ವರ್ಷ ಊರಿನ ಚರ್ಮ ಕೊಯ್ದ ಕೈಯಲ್ಲೇ ನನ್ನದನ್ನೂ ಯಂತ್ರಕ್ಕೆ ಸಿಕ್ಕಿಸಿದೆ. ಮೊದಲ ಎಳೆ ಹರಿಯಿತು. ಎರಡನೆಯದೂ ಹರಿಯಿತು. ಈ ಸಲ ಬೈಯಲು ಯಾರೂ ಇರಲಿಲ್ಲ. ಮೂರನೆಯದು ನೀರಿನ ಮೇಲೆ ನೇರವಾಗಿ ಮಲಗಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇರೆ ಯಾರದೇ ಆಗಿದ್ದರೂ ನಾನು ಒಂದು ಕ್ಷಣದಲ್ಲಿ ಹೇಳುತ್ತಿದ್ದೆ: ಜೀವಕೋಶಗಳ ನಡುವೆ ನೀರು ಆಡುತ್ತಿದೆ, ಗಾರೆ ಸಡಿಲ, ಕೆಳಗೆ ಕಾವಲಿನವರ ಸಂತೆ. ಒಂದು ಮೊಳೆಯನ್ನು ಶತ್ರು ಎಂದುಕೊಂಡು ಒಂಬತ್ತು ವರ್ಷ ದಂಡು ಕೂಡಿಸಿದ್ದವು. ಕರಿಬಸಯ್ಯನ ಶೀಷೆಯಿಂದ ಒಂದು ಹನಿ ಬಿಟ್ಟೆವು. ತೊಳೆದು ದೀಪ ಆರಿಸಿದಾಗ ಅಂಚಿನಿಂದ ಅಂಚಿಗೆ ಹಸಿರು. ಡಾಕ್ಟರು ಸೋಮವಾರದ ಸೂಜಿಯನ್ನು ರದ್ದು ಮಾಡಿ, ಕುರ್ಚಿಯ ಮೊಳೆಯನ್ನು ತಾವೇ ಇಕ್ಕಳ ಹಿಡಿದು ಕಿತ್ತರು.

ದಿನಕ್ಕೆ ಎರಡು ಸಲ ಮುಲಾಮು ಎಂದು ಬರೆದುಕೊಟ್ಟರು. ಬರೆಯುವುದು ಸುಲಭ, ಅಲ್ಲಿಗೆ ನನ್ನ ಕೈ ಎಟುಕದು. ಈಗ ಬೆಳಗ್ಗೆಯೂ ಸಂಜೆಯೂ ಹಾಲಮ್ಮ ಬರುತ್ತಾಳೆ. ಮೊಮ್ಮಗಳೂ ಬರುತ್ತಾಳೆ, ನನ್ನ ಮನೆಯ ಡಬ್ಬಿಗಳನ್ನೆಲ್ಲ ತೆಗೆದು ನೋಡುತ್ತಾಳೆ. ಕರಿಬಸಯ್ಯ ಒಳಗೆ ಬರುವುದಿಲ್ಲ, ಹೊರಗೆ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂರುತ್ತಾನೆ. ಆದರೆ ಹಚ್ಚುವ ಕೆಲಸ ಅವನ ಅಪ್ಪಣೆಯ ಮೇಲೆ ನಡೆಯುತ್ತದೆ. ಬಲಕ್ಕೆ ಒಂದು ಬೆರಳು, ಎಂದು ಅಲ್ಲಿಂದಲೇ ಹೇಳುತ್ತಾನೆ. ಹಾಲಮ್ಮ ಇಲ್ಲೇನು ಎಂದು ಕೇಳುತ್ತಾಳೆ. ಇನ್ನೂ ಸ್ವಲ್ಪ ಕೆಳಗೆ ಎನ್ನುತ್ತಾನೆ. ಆಮೇಲೆ ಒಂದು ನಿಟ್ಟುಸಿರು ಕೇಳುತ್ತದೆ, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ. ನನಗೆ ಸಿಟ್ಟು ಬಂದರೆ ಈಗಲೂ ಅವನಿಗೆ ಗೊತ್ತಾಗುತ್ತದೆ, ಆದ್ದರಿಂದ ಊರಿನವರು ನನ್ನನ್ನು ರೇಗಿಸುವ ಮೊದಲು ಅವನ ಅನುಮತಿ ಕೇಳಬೇಕು ಎಂದು ತಮಾಷೆ ಮಾಡುತ್ತಾರೆ. ಸಂಜೆಯ ಆಟದಲ್ಲಿ ಅವನು ಮತ್ತೆ ಸರಿಯಾಗಿ ಹೇಳುತ್ತಿದ್ದಾನಂತೆ, ಎಡ ಎಂದರೆ ಎಡ, ಬಲ ಎಂದರೆ ಬಲ.

ಮುಂದಿನ ತಿಂಗಳ ಮೊದಲ ಭಾನುವಾರ ಹಾಲಮ್ಮ ನನ್ನ ಬೆನ್ನು ನೋಡಿದಳು. ಅಂಗೈಯಷ್ಟಿದ್ದದ್ದು ಬೋರೆಹಣ್ಣಿನಷ್ಟಾಗಿದೆ, ಮುಂದಿನ ತಿಂಗಳಿಗೆ ಹೋಗುತ್ತದೆ ಎಂದಳು. ನಾನು ಚೀಟಿ ತೆಗೆದು ಹೆಸರು ಬರೆದೆ, ಎರಡನೆಯ ಸಾಲನ್ನೂ ಬರೆದು, ಪೆನ್ನನ್ನು ಅವಳ ಕೈಗೆ ಕೊಟ್ಟೆ. ಅವಳು ನಾಲಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

ಸೋಮವಾರ ನಾನು ಯಂತ್ರದ ಮುಂದೆ ಕೂತಿದ್ದೆ, ಪಕ್ಕದ ಕೋಣೆಯಲ್ಲಿ ಕರಿಬಸಯ್ಯ ಚೀಟಿಗಳನ್ನು ಜೋಡಿಸುತ್ತಿದ್ದ. ನಮ್ಮ ಬೀದಿಗೆ ಬಂದಾಗ ಕಾಗದದ ಸದ್ದು ನಿಂತಿತು. ನಾನೂ ಚಕ್ರ ನಿಲ್ಲಿಸಿದೆ. ಅವನು ಓದುತ್ತಿದ್ದದ್ದು ನನಗೆ ಗೊತ್ತಿತ್ತು. ಹೆಸರು: ಚೂಡಾಮಣಿ. ಕೆಂಪು: ಇದೆ. ನೋಡಿದವರು: ಹಾಲಮ್ಮ.